ತಿರುಗಿ ಕೊಡುವ ಗಂಟೆ

ನಮ್ಮ ಬಿಲ್ಡಿಂಗಿನಿಂದ ಯಾರೇ ಹೊರಟರೂ ಗಾರ್ಡ್ ಸಾಹೇಬರು ಗೇಟಿನ ಹತ್ತಿರ ನಿಂತು, ಹೋದವರು ಬೀದಿಯ ತಿರುವು ದಾಟುವವರೆಗೂ ನೋಡುತ್ತಿದ್ದರು. ನಾವು ಕಣ್ಮರೆಯಾಗುವ ಹೊತ್ತಿಗೆ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಇಳಿಸುತ್ತಿದ್ದರು. ಅದು ಟಾಟಾ ಅಲ್ಲ, ಆಶೀರ್ವಾದವೂ ಅಲ್ಲ. ಗಾಡಿ ಪ್ಲಾಟ್‌ಫಾರಂ ಬಿಡುವಾಗ ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತ ಗಾರ್ಡ್ ಎಲ್ಲ ಸರಿಯಾಗಿದೆ ಅಂತ ತೋರಿಸುವ ಕೈ ಅದು. ತರಕಾರಿಗೆ ಹೊರಟವಳಿಗೂ ಅದೇ ಕೈ, ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿಗೂ ಅದೇ ಕೈ. ಕಳೆದ ತಿಂಗಳು ಅವರೇ ಆ ತಿರುವು ದಾಟಿ ಹೋದರು. ಆವತ್ತಿನಿಂದ ಬೀದಿಗಿಳಿದಾಗಲೆಲ್ಲ ಬೆನ್ನ ಹಿಂದೆ ಏನೋ ಖಾಲಿ ಅನ್ನಿಸುತ್ತದೆ.

ಅವರು ಹುಬ್ಬಳ್ಳಿ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲೇ ರೈಲ್ವೆ ನೌಕರಿ ಹಿಡಿದು, ಎಲ್ಲೆಲ್ಲೋ ತಿರುಗಿ, ಕಡೆಗೆ ಈ ಊರಿಗೆ ಬಂದು ಬೀಚ್ ಸ್ಟೇಷನ್ನಿನಿಂದ ತಾಂಬರಂ, ತಾಂಬರಂನಿಂದ ಬೀಚ್ ಅಂತ ಲೋಕಲ್ ಗಾಡಿಯಲ್ಲಿ ಓಡಾಡಿಕೊಂಡೇ ರಿಟೈರಾದರು. ಊರು ಚೆನ್ನೈ ಆಗಿ ಎಷ್ಟು ಕಾಲವಾದರೂ ಅವರಿಗೆ ಅದು ಮದ್ರಾಸೇ. ಗಾರ್ಡ್‌ಗಳನ್ನು ಈಗ ಟ್ರೇನ್ ಮ್ಯಾನೇಜರ್ ಅಂತಾರಂತೆ ಎಂದು ನಾನು ಪೇಪರ್ ನೋಡಿ ಹೇಳಿದಾಗ, "ಹಂಗಾದ್ರ ಗಾಡಿ ಇನ್ನ ಮ್ಯಾಲೆ ಮೀಟಿಂಗ್ ಮುಗಿಸೇ ಹೊಂಡ್ತದೇನೋ" ಅಂದಿದ್ದರು. ತೆಳ್ಳಗಿನ ಮೈ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಮೇಲೆ ಬಿಳಿ ಕೂದಲು. ನಾನು ಅವರನ್ನು ಚೆನ್ನೈ ರೂಢಿಯ ಹಾಗೆ "ಮಾಮಾ" ಅನ್ನುತ್ತಿದ್ದೆ, ಅವರು ನನ್ನನ್ನು ಅವರ ಊರಿನ ರೂಢಿಯ ಹಾಗೆ "ತಂಗಿ" ಅನ್ನುತ್ತಿದ್ದರು. ಸಂಬಂಧ ಎಲ್ಲೂ ಕೂಡುತ್ತಿರಲಿಲ್ಲ. ಆದರೂ ಇಬ್ಬರೂ ನಮ್ಮ ನಮ್ಮ ಮಾತು ಬಿಡಲಿಲ್ಲ.

ನಾವಿರುವುದು ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿ. ಮಧ್ಯಾಹ್ನ ಊಟ ಮುಗಿಸಿ ಒಂದಿಷ್ಟು ಅಡ್ಡಾದರೆ ಸಾಕು, ಗಾಡಿ ಬಂದು ನಿಂತು ಹೋಗುವುದೆಲ್ಲ ನಿದ್ದೆಯೊಳಗೇ ನಡೆಯುತ್ತದೆ. ಬೀದಿಯಲ್ಲಿ ಹೂವಿನವಳ ಕೂಗು, ಯಾರದೋ ಮಿಕ್ಸಿ, ಆಮೇಲೆ ಹಾರ್ನ್, ಆಮೇಲೆ ಕಬ್ಬಿಣದ ಉಸಿರು. ಎಚ್ಚರವೋ ಕನಸೋ ತಿಳಿಯದ ಆ ಹೊತ್ತಿನಲ್ಲಿ ಕೆಳಗಿನ ಮನೆಯಲ್ಲಿ ಗಾರ್ಡ್ ಮಾಮ ಈಸಿ ಚೇರಿನ ಕೈ ಮೇಲೆ ಬೆರಳಿಂದ ಟಕ್ ಟಕ್ ಎಂದು ಬಡಿಯುವುದು ಕಿಟಕಿಯಿಂದ ಕೇಳುತ್ತಿತ್ತು. ಕೇಳಿದ ಮರುಕ್ಷಣ ಸ್ಟೇಷನ್ನಿನಲ್ಲಿ ಗಾಡಿ ಹೊರಡುತ್ತಿತ್ತು. ಅವರು ಬಡಿದಿದ್ದಕ್ಕೇ ಗಾಡಿ ಹೊರಟಿತು ಎಂದು ನನ್ನ ಮಗಳು ಚಿಕ್ಕವಳಿದ್ದಾಗ ಬಹಳ ದಿನ ನಂಬಿದ್ದಳು. ನಾನೂ ನಿದ್ದೆಗಣ್ಣಲ್ಲಿ ಕೆಲವು ಸಲ ನಂಬಿದ್ದುಂಟು.

ಆ ಬಡಿತದ ಅರ್ಥ ಅವರೇ ಒಮ್ಮೆ ಹೇಳಿಕೊಟ್ಟರು. "ನೋಡವಾ ತಂಗಿ, ಗಾರ್ಡ್ ಕಡೀ ಡಬ್ಬಿಯೊಳಗ ಇರ್ತಾನ. ಗಾಡಿ ಓಡಸಾಂವ ಮುಂದಿನ ಡಬ್ಬಿಯೊಳಗ. ಒಬ್ಬರ ಮಾರಿ ಒಬ್ಬರಿಗೆ ಕಾಣಂಗಿಲ್ಲ. ಹೊಂಡೂದಿದ್ರ ನಾ ಎರಡು ಗಂಟಿ ಕೊಡಬೇಕು. ಅಂವ ಕೇಳಿ ತಾನೂ ಎರಡು ಗಂಟಿ ತಿರುಗಿ ಕೊಡಬೇಕು. ಆಮ್ಯಾಲೆ ಗಾಡಿ. ಅಂವ ತಿರುಗಿ ಕೊಡಲಿಲ್ಲಂದ್ರ ನಾ ಕೊಟ್ಟದ್ದು ಕೊಟ್ಟಂಗಲ್ಲ."

ಹೆಂಡತಿ ತೀರಿಹೋದ ಮೇಲೆ ಅವರು ಟೆರೇಸಿನ ಮೇಲಿನ ಸಣ್ಣ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರಲು ಶುರು ಮಾಡಿದರು. ನೀರಿನ ಟ್ಯಾಂಕಿನ ಪಕ್ಕ ಹಳೆ ಸಾಮಾನು ಹಾಕುತ್ತಿದ್ದ ಕೋಣೆ ಅದು. ಬೆಳಿಗ್ಗೆ ಕಾಫಿ ಕುಡಿದು ಹತ್ತಿದರೆ ಬಿಸಿಲು ನೆತ್ತಿಗೆ ಬಂದಾಗ ಇಳಿಯುತ್ತಿದ್ದರು. ಗುರು ಇಲ್ಲ, ಮಂತ್ರ ಇಲ್ಲ, ಯಾವ ಕೋರ್ಸೂ ಇಲ್ಲ. ಯಾಕೆ ಕೂರುತ್ತೀರಿ ಅಂತ ಕೇಳಿದರೆ, "ಆಕಿ ಇದ್ದಾಗ ಮನಿಯೊಳಗ ಮಾತಿತ್ತು. ಈಗ ಸುಮ್ಮನಿರೂದು ಕಲೀಬೇಕಲ್ಲ" ಅನ್ನುತ್ತಿದ್ದರು. ಹೀಗೆ ವರ್ಷಗಳು ಹೋದವು. ಒಣಹಾಕಿದ ಸೀರೆಗಳ ನಡುವೆ ದಾಟಿಕೊಂಡು ನಾವು ಹಪ್ಪಳ ತೆಗೆಯಲು ಹೋದಾಗ ಬಾಗಿಲ ಸಂದಿಯಲ್ಲಿ ಅವರ ಬಿಳಿ ಅಂಗಿ ಕಾಣುತ್ತಿತ್ತು. ನಮಗೇ ಅರಿವಿಲ್ಲದೆ ನಾವು ತುದಿಗಾಲಲ್ಲಿ ನಡೆಯುತ್ತಿದ್ದೆವು.

ಒಂದು ಬೆಳಿಗ್ಗೆ ಅವರು ಹೊತ್ತಿಗೆ ಮುಂಚೆಯೇ ಇಳಿದು ಬಂದರು. ಮುಖ ಬಿಳಿಚಿತ್ತು, ಕಣ್ಣು ಒದ್ದೆಯಾಗಿತ್ತು. ಮೆಟ್ಟಿಲಲ್ಲಿ ಸಿಕ್ಕ ಎರಡನೇ ಮಹಡಿಯ ಮಾಮಿಗೆ, ಒಳಗೆ ಗಂಟೆ ಕೇಳಿಸಿತು ಅಂತ ಹೇಳಿಬಿಟ್ಟರು. ಆ ಮಾಮಿ ಓದಿಕೊಂಡವರು. ಧ್ಯಾನ ಗಟ್ಟಿಯಾದಾಗ ಒಳಗೆ ನಾದ ಕೇಳಿಸುತ್ತದೆ, ಅದರಲ್ಲೂ ಗಂಟೆಯ ನಾದ ದೊಡ್ಡ ಗುರುತು ಅಂತ ಬಿಲ್ಡಿಂಗಿಗೆಲ್ಲ ಸಾರಿದರು. ಭಾನುವಾರ ಅಸೋಸಿಯೇಷನ್ನಿನವರು ಗಾರ್ಡ್ ಮಾಮನಿಗೆ ಶಾಲು ಹೊದಿಸಿ ಹಾರ ಹಾಕಿದರು. ಮಗನಿಗೆ ವೀಸಾ ಸಿಗುತ್ತದೋ ಅಂತ ಕೇಳಲು ಪಕ್ಕದ ಬೀದಿಯಿಂದೆಲ್ಲ ಜನ ಬಂದರು. ಅವರು ಸಂಕೋಚದಿಂದ ಕೂತಿದ್ದರು.

ಕೆಲವು ದಿನ ಕಳೆದು ಅವರು ಯಾರನ್ನೋ ಕಳಿಸಿಕೊಡಲು ಸ್ಟೇಷನ್ನಿಗೆ ಹೋಗಿದ್ದರು. ಕೊನೆಯ ಡಬ್ಬಿಯ ಎದುರಿಗೆ ನಿಂತಿದ್ದಾಗ ಒಳಗಿನಿಂದ ಗಂಟೆ ಕೇಳಿಸಿತು. ಅದೇ ಸ್ವರ, ಅದೇ ಎರಡು ಸಲ. ಅಲ್ಲಿಂದ ನೆಟ್ಟಗೆ ಮನೆಗೆ ಬಂದು ಶಾಲು ಮಡಿಸಿ ಸೆಕ್ರೆಟರಿ ಕೈಗೆ ಕೊಟ್ಟು, "ತಪ್ಪಾತ್ರಿ. ನಂಗ ಕೇಳಿಸಿದ್ದು ದೇವರ ಗಂಟಿ ಅಲ್ಲ, ರೈಲ್ವೆದು" ಅಂದರು. ಸೆಕ್ರೆಟರಿ ಪಾಪ ಶಾಲು ಇಸಿದುಕೊಂಡರು. ಮಾಮಿಗೆ ಮಾತ್ರ ಭಾರೀ ಅವಮಾನವಾಗಿ ಬಹಳ ದಿನ ಗಾರ್ಡ್ ಮಾಮನಿಗೆ ಕಡಲೆಕಾಳಿನ ಸುಂಡಲ್ ಕಳಿಸಲಿಲ್ಲ.

ನನಗೆ ಅವರ ಮೇಲೆ ನಂಬಿಕೆ ಕೂತದ್ದು ಆವತ್ತು. ಹಾರ ಹಾಕಿಸಿಕೊಳ್ಳುವವರನ್ನು ಬಹಳ ನೋಡಿದ್ದೇನೆ, ತಾವಾಗಿ ತೆಗೆದಿಟ್ಟವರನ್ನು ಕಂಡಿರಲಿಲ್ಲ. ಆ ನಂಬಿಕೆ ಮುಂದೆ ನನಗೇ ಬೇಕಾಗಿ ಬಂತು.

ನಮ್ಮವರ ಕಥೆ ಹೇಳಬೇಕು. ನಮ್ಮವರು ಅಂದರೆ ನನ್ನ ಗಂಡ, ಬ್ಯಾಂಕಿನಲ್ಲಿ ಆಫೀಸರಾಗಿದ್ದವರು. ಮೊದಲು ಹತ್ತು ದಿನದ ಧ್ಯಾನದ ಶಿಬಿರ ಅಂತ ಹೋದರು. ಆಮೇಲೆ ಒಂದು ತಿಂಗಳು. ಆಮೇಲೆ ಒಂದು ದಿನ ತಿರುವಣ್ಣಾಮಲೈ ಕಡೆ ಬೆಟ್ಟದ ಬುಡದಲ್ಲಿ ಒಂದು ಗುಡಿಸಲು ಸಿಕ್ಕಿದೆ, ಒಬ್ಬನೇ ಕೂತು ನೋಡುತ್ತೇನೆ ಅಂದರು. ಎಷ್ಟು ದಿನ ಅಂದೆ. ಗೊತ್ತಿಲ್ಲ ಅಂದರು. ನಾನು ಜಗಳವಾಡಿದೆ, ಅತ್ತೆ, ಆಮೇಲೆ ನಾನು ಕೆಲಸ ಮಾಡುವ ಇನ್ಶೂರೆನ್ಸ್ ಆಫೀಸಿಗೆ ಹೊತ್ತಾಯಿತು ಅಂತ ಹೊರಟೆ. ಸಂಜೆ ಬರುವಷ್ಟರಲ್ಲಿ ಅವರು ಹೋಗಿದ್ದರು. ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ಅವರು ವಾಪಸ್ಸು ಬಂದದ್ದು ಅವಳು ಪ್ಲಸ್ ಟೂ ಓದುವಾಗ.

ಬಂದರು ಅಂದರೆ ತಾವಾಗಿ ಬರಲಿಲ್ಲ, ಕರೆತಂದರು. ಪೆರುಂಗುಡಿಯ ಕಂಪನಿಯಲ್ಲಿ ಕೆಲಸ ಮಾಡುವ ಕಾರ್ತಿಕ್ ಅಂತ ಒಬ್ಬ, ಅವನ ಸ್ನೇಹಿತರು ಇಬ್ಬರು, ರಜೆಗೆ ಬೆಟ್ಟ ಸುತ್ತಲು ಹೋಗಿ ಇವರನ್ನು ಕಂಡು ಮರುಳಾಗಿದ್ದರು. ಸ್ವಾಮಿಗೆ ಸಾಕ್ಷಾತ್ಕಾರ ಆಗಿಬಿಟ್ಟಿದೆ ಅಂತ ಅವರ ತೀರ್ಮಾನ. ಗುರುತುಗಳನ್ನೂ ಹೇಳುತ್ತಿದ್ದರು. ಸೊಳ್ಳೆ ಕಚ್ಚಿದರೂ ಅಲುಗುವುದಿಲ್ಲ, ಬೆಳಗಿನಿಂದ ಸಂಜೆವರೆಗೆ ಒಂದೇ ಭಂಗಿ, ಯಾರು ಕರೆದರೂ ಒಳಗಿನಿಂದ ಹೊರಗೆ ಬರುವುದಿಲ್ಲ, ಮುಖದಲ್ಲಿ ತೇಜಸ್ಸು. ಒಂಬತ್ತು ವರ್ಷ ಆಫೀಸಿಗೆ ಹೋಗದಿದ್ದರೆ ನನ್ನ ಮುಖದಲ್ಲೂ ತೇಜಸ್ಸು ಇರುತ್ತಿತ್ತು ಅಂತ ನನಗೆ ಬಾಯಿ ತುದಿಗೆ ಬಂದಿತ್ತು.

ಸಮುದ್ರದ ದಂಡೆಯ ರಸ್ತೆಯಲ್ಲಿ ಆ ಹುಡುಗರು ತೋಟವಿರುವ ಒಂದು ಮನೆ ನೋಡಿಟ್ಟಿದ್ದರು. ಇವರನ್ನು ಅಲ್ಲಿ ಕೂರಿಸಿ ಸತ್ಸಂಗ ನಡೆಸುವ ಆಸೆ. ಅದು ಸಿದ್ಧವಾಗುವವರೆಗೆ ಭಾನುವಾರದ ಸತ್ಸಂಗ ನಮ್ಮ ಹಾಲಿನಲ್ಲಿ. ಬಾಗಿಲ ಹೊರಗೆ ಶೂಗಳ ರಾಶಿ. ನನ್ನ ಹಾಲು, ನನ್ನ ಡಿಕಾಕ್ಷನ್, ಅವರ ಸತ್ಸಂಗ. ಆದರೆ ಕಾರ್ತಿಕ್ ಒಳ್ಳೆಯ ಹುಡುಗ. "ನೀವು ಮನಸಾರ ಹೂಂ ಅನ್ನದೆ ನಾವು ಸ್ವಾಮಿಯನ್ನು ಕರಕೊಂಡು ಹೋಗಲ್ಲ ಅಮ್ಮಾ" ಅಂದಿದ್ದ.

ನಿಜ ಹೇಳುತ್ತೇನೆ, ನನಗೆ ಇವರ ಮೇಲೆ ಬರೀ ಕೋಪವಿರಲಿಲ್ಲ. ಬೆಳಗಿನ ಜಾವ ಬಾಲ್ಕನಿಯಲ್ಲಿ ಇವರು ಕೂತಾಗ ಮನೆಯೊಳಗೆ ಒಂದು ನಿಶ್ಶಬ್ದ ಹರಡುತ್ತಿತ್ತು. ಕುಕ್ಕರ್ ಇಡಲು ಬಂದ ನಾನು ಕೈಯಲ್ಲಿ ಅಕ್ಕಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದೆ. ಬೀದಿ ಎಲ್ಲೋ ದೂರ ಸರಿದ ಹಾಗೆ, ಗಾಡಿಗಳು ನೀರಿನ ಅಡಿಯಲ್ಲಿ ಓಡಿದ ಹಾಗೆ. ಏನೋ ಇತ್ತು. ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅದೇ ನನ್ನ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ಗಾರ್ಡ್ ಮಾಮನ ಮನೆಗೆ ಹೋಗಿ ಕೂತೆ. "ಮಾಮಾ, ನೀವೂ ವರ್ಷಗಟ್ಟಲೆ ಕೂತವರು. ಇವರನ್ನು ಒಂದು ಸಲ ನೋಡಿ ಹೇಳಿ. ಆಗಿದೆಯೋ ಇಲ್ಲವೋ."

"ಆಗಿದ್ರ ಏನ್ ಮಾಡ್ತಿ?"

"ಕಳಿಸಿಕೊಡ್ತೀನಿ. ಮಗಳು ಒಬ್ಬಳೇ ಬೆಳೆದದ್ದು, ನಾನು ಒಬ್ಬಳೇ ಒದ್ದಾಡಿದ್ದು, ಎಲ್ಲ ಒಂದು ದೊಡ್ಡದಕ್ಕೆ ಆಯ್ತು ಅಂತ ಸಮಾಧಾನ ಮಾಡ್ಕೋತೀನಿ."

"ಆಗಿಲ್ಲಂದ್ರ?"

ನನಗೆ ಅಳು ಬಂತು. ಅವರು ಎದ್ದು ಹೋಗಿ ನೀರು ತಂದುಕೊಟ್ಟರು. "ನೋಡೂಣು. ನಂಗೇನು ಭಾಳ ತಿಳೀತದ ಅಂತಲ್ಲ. ಗಾಡಿಯೊಳಗ ಕುಂತು ನೋಡಿದ್ರ ನಂಗ ಮನಷಾ ಸ್ವಲ್ಪ ತಿಳೀತಾನ. ತಾಂಬರಂ ತನಕ ಹೋಗಿ ಬರೂಣು. ಹುಡುಗಿನೂ ಬರಲಿ" ಅಂದರು.

ಮಗಳನ್ನು ಒಪ್ಪಿಸುವುದೇ ಕಷ್ಟವಾಯಿತು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳು. ಅಪ್ಪ ಬಂದು ತಿಂಗಳುಗಳಾದರೂ ಅಪ್ಪಾ ಅಂತ ಕರೆದಿರಲಿಲ್ಲ. ನನ್ನ ಹತ್ತಿರ ಮಾತಾಡುವಾಗ "ಅವರು" ಅನ್ನುತ್ತಿದ್ದಳು, ಬಾಡಿಗೆಗೆ ಬಂದವರ ಬಗ್ಗೆ ಹೇಳುವ ಹಾಗೆ. ಗಾರ್ಡ್ ತಾತ ಕರೆದರು ಅಂದ ಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ವಾರದ ನಡುವಿನ ದಿನ, ಊಟದ ನಂತರದ ಹೊತ್ತು. ಆಗ ಲೋಕಲ್ ಗಾಡಿಯಲ್ಲಿ ಜನ ಕಡಿಮೆ. ಕೊನೆಯ ಡಬ್ಬಿಯಲ್ಲಿ ನಾವು ನಾಲ್ಕು ಜನ, ಮೂಲೆಯಲ್ಲಿ ನಿದ್ದೆ ಹೋದ ಒಬ್ಬ ಮುದುಕಿ. ಇವರು ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದರು. ಗಾರ್ಡ್ ಮಾಮ ಎದುರಿಗೆ ಕೂತರು. ಗೋಡೆಯ ಆಚೆ ಗಾರ್ಡ್‌ನ ಕೋಣೆಯಿಂದ ಎರಡು ಗಂಟೆ ಸಣ್ಣಗೆ ಕೇಳಿಸಿತು. ಸ್ವಲ್ಪ ತಡೆದು ಮತ್ತೆ ಎರಡು. ಗಾಡಿ ಮೆಲ್ಲಗೆ ಜಾರಿತು.

ಆ ಪ್ರಯಾಣ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಅಡ್ಯಾರ್ ಹೊಳೆಯ ಸೇತುವೆ ಮೇಲೆ ಹೋಗುವಾಗ ನೀರಿನ ಬೆಳಕು ಡಬ್ಬಿಯ ಚಾವಣಿಯ ಮೇಲೆ ಆಡಿತು. ಹಿಡಿದುಕೊಳ್ಳುವ ಹಿಡಿಗಳೆಲ್ಲ ಒಟ್ಟಿಗೆ ತೂಗಿದವು. ಸ್ಟೇಷನ್ನುಗಳು ಬಂದವು, ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ, ಪ್ರತಿ ಕಡೆಯೂ ಗೋಡೆಯಾಚೆ ಗಂಟೆ ಕೊಡುವುದು, ತಿರುಗಿ ಬರುವುದು. ಪಲ್ಲಾವರದ ಗುಡ್ಡ ಬಿಸಿಲಿನಲ್ಲಿ ತೇಲಿದ ಹಾಗೆ ಕಂಡಿತು. ಒಂದು ವಿಮಾನ ತೀರ ಕೆಳಗೆ ಹಾರಿ ಅದರ ನೆರಳು ನಮ್ಮೆಲ್ಲರ ಮೇಲೆ ಹಾದುಹೋಯಿತು. ಇವರ ಮುಖ ಅಷ್ಟು ಶಾಂತವಾಗಿತ್ತು ಅಂದರೆ, ಆಗಿದೆ, ಇವರಿಗೆ ಆಗೇ ಇದೆ ಅಂತ ನನಗೇ ಅನ್ನಿಸತೊಡಗಿತು.

ಕ್ರೋಂಪೇಟೆ ದಾಟುವಾಗ ಗಾರ್ಡ್ ಮಾಮ ಮುಂದೆ ಬಗ್ಗಿ ಮೆಲ್ಲಗೆ "ತಮ್ಮಾ" ಅಂದರು. ಇವರು ಅಲುಗಲಿಲ್ಲ. ಮಾಮ ಮತ್ತೆ ಕರೆಯಲಿಲ್ಲ, ಹಿಂದಕ್ಕೆ ಒರಗಿ ಕೂತರು.

ತಾಂಬರಂ ಬಂತು. ಅಲ್ಲಿಗೆ ಗಾಡಿ ಮುಗಿಯಿತು. ಮುದುಕಿ ಎದ್ದು ಇಳಿದಳು. ನಾನು ಏಳಲಿಲ್ಲ, ಮಾಮನೂ ಏಳಲಿಲ್ಲ. ಏನಾಗಬೇಕಿತ್ತೋ ಅದಕ್ಕೆ ಕಾದು ಕೂತೆವು. ಮಗಳು ನಮ್ಮ ಮೂವರ ಮುಖ ನೋಡಿದಳು. ಆಮೇಲೆ ಇವರ ಹತ್ತಿರ ಹೋಗಿ, "ಅಪ್ಪಾ, ತಾಂಬರಂ ವಂದಾಚ್ಚು" ಅಂದಳು.

ಒಂಬತ್ತು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಅಪ್ಪಾ ಅದು. ಇವರ ಕಣ್ಣಿನ ರೆಪ್ಪೆ ಅದುರಿತು. ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು. ಅಷ್ಟೇ. ಮುಖ ಮತ್ತೆ ಮೊದಲಿನ ಹಾಗೆ ತಿಳಿಯಾಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಇಳಿದು ಹೋಗಿ ಪ್ಲಾಟ್‌ಫಾರಂನಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ಆ ಬೆನ್ನು ನೋಡಿ ನನಗೆ ಆದ ಸಂಕಟ ಇವರು ಮನೆ ಬಿಟ್ಟು ಹೋದ ದಿನವೂ ಆಗಿರಲಿಲ್ಲ.

ಅದೇ ಗಾಡಿ ತಿರುಗಿ ಹೊರಡುವಾಗ ಮಾಮ ಹೋಗಿ ಅವಳನ್ನು ಕರೆತಂದರು. ಮಾಂಬಲಂನಲ್ಲಿ ಇಳಿದು ಮಗಳು ಮುಂದೆ ಹೊರಟುಹೋದಳು. ನಾವು ಮೂವರು ಬೆಂಚಿನ ಮೇಲೆ ಕೂತೆವು. ನಾನು ಕೇಳುವ ಮೊದಲೇ ಮಾಮ ಇವರ ಕಡೆಗೇ ತಿರುಗಿ ಹೇಳಿದರು.

"ತಮ್ಮಾ, ಸಿಟ್ಟಾಗಬ್ಯಾಡ. ನೀ ಭಾಳ ಒಳಗ ಹೋಗಿ ಬಂದೀ. ನಾ ಅಷ್ಟು ದೂರ ಹೋಗಿಲ್ಲ, ಸುಳ್ಳ್ಯಾಕ ಹೇಳಲಿ. ಆದ್ರ ನಾ ಗಾರ್ಡ್, ನಂಗ ಗೊತ್ತಿರೂದು ಗಂಟಿ ಒಂದ. ನಾ ಕರದೆ, ಬಿಡು. ಆ ಹುಡುಗಿ ಕರೀತು. ನಿಂಗ ಕೇಳಿಸ್ತು. ಕೇಳಿಸಿದ್ದು ನಾ ನೋಡೀನಿ. ಕೇಳಿಸದಾಂವಗ ನಾ ಏನೂ ಅನ್ನಂಗಿಲ್ಲ. ಕೇಳಿಸಿನೂ ತಿರುಗಿ ಕೊಡದಿದ್ರ ಗಾಡಿ ಬಿಡೂಕ ಬರಂಗಿಲ್ಲ."

ನಮ್ಮವರು ಹಳಿಯ ಕಡೆ ನೋಡಿದರು. ಮಾತಾಡದೆ ಮಾತಾಡದೆ ಅಭ್ಯಾಸ ತಪ್ಪಿದ ಗಂಟಲು ಅವರದು. "ಉತ್ತರ ಕೊಟ್ಟರೆ ಒಳಗಿನದು ಒಡೆದುಹೋಗುತ್ತೆ ಅನ್ನಿಸುತ್ತೆ" ಅಂದರು.

"ಹಂಗಾದ್ರ ಗಡಿಗಿ ಇನ್ನಾ ಹಸಿ ಅದ. ಸುಟ್ಟಿಲ್ಲ." ಮಾಮ ಇವರ ಮೊಣಕಾಲಿನ ಮೇಲೆ ಕೈಯಿಟ್ಟರು. "ಅದಕ್ಕೇನು ಹೆದರೂದು ಬ್ಯಾಡ. ಕರದಾಗ ಬಂದೆ ಅನ್ನೂದು ಕಲಿ. ಬ್ಯಾರೆ ಏನೂ ಬ್ಯಾಡ."

ಅಲ್ಲಿಗೆ ತೀರ್ಪು ಆಯಿತು. ಆಗಿಲ್ಲ. ನನಗೆ ಸಂತೋಷವಾಗಬೇಕಿತ್ತೋ ದುಃಖವಾಗಬೇಕಿತ್ತೋ, ಎರಡೂ ಆಗಲಿಲ್ಲ. ಸುಮ್ಮನೆ ಬಹಳ ಸುಸ್ತಾಯಿತು. ದಾರಿಯಲ್ಲಿ ಮಲ್ಲಿಗೆ ಕೊಂಡೆ, ಯಾಕೆ ಕೊಂಡೆ ಅಂತ ಈಗಲೂ ಗೊತ್ತಿಲ್ಲ.

ಭಾನುವಾರ ಕಾರ್ತಿಕ್ ಕಾರು ತಂದಿದ್ದ. ತೋಟದ ಮನೆ ಸಿದ್ಧವಾಗಿತ್ತು. ಬಾಗಿಲಲ್ಲೇ ಅವನಿಗೆ, "ಇಲ್ಲಪ್ಪಾ, ಇವರಿಗೆ ಇನ್ನೂ ಆಗಿಲ್ಲ" ಅಂದೆ.

"ಯಾರು ಹೇಳಿದ್ದು ಅಮ್ಮಾ?"

"ಕೆಳಗಿನ ಮನೆ ಗಾರ್ಡ್."

"ಸೆಕ್ಯುರಿಟಿನಾ?" ಅಂದ ಪಾಪ, ಗಾಬರಿಯಿಂದ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಿರುಗಿ ನೋಡಿದರೆ ಇವರು ಹಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಏಳಬಹುದಿತ್ತು. ಕಾರು ಕೆಳಗೆ ಎಷ್ಟೋ ಹೊತ್ತು ನಿಂತಿತ್ತು. ಇವರು ಏಳಲಿಲ್ಲ. ಕಡೆಗೆ ಕಾರು ಹೊರಟಾಗ ಗೇಟಿನಲ್ಲಿ ಗಾರ್ಡ್ ಮಾಮ ಅದಕ್ಕೂ ಕೈ ಎತ್ತಿ ಇಳಿಸಿದರು.

ಆಮೇಲೆ ಇವರು ಮಧ್ಯಾಹ್ನ ಕೆಳಗೆ ಹೋಗಿ ಮಾಮನ ಜೊತೆ ಕೂರಲು ಶುರು ಮಾಡಿದರು. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ಗಾಡಿ ಹೊರಡುವ ಹೊತ್ತಿಗೆ ಮಾಮ ಕುರ್ಚಿಯ ಕೈ ಬಡಿಯುತ್ತಿದ್ದರು, ಇವರು ನೋಡುತ್ತಿದ್ದರು. ಮನೆಯಲ್ಲಿ ಕರೆದರೆ ಮಾತ್ರ ಹಳೆಯದೇ ಕಥೆ. ಊಟಕ್ಕೆ ಕರೆದರೆ ಎದ್ದು ಬಂದು ಕೂರುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಒಂದೊಂದು ಸಲ ತುಟಿ ಅಲುಗಿದ ಹಾಗೆ ಕಾಣುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ಮಗಳು ತಾಂಬರಂ ಆದಮೇಲೆ ಮತ್ತೆ ಅಪ್ಪಾ ಅನ್ನಲಿಲ್ಲ. ಕಾಲೇಜು ಸೇರಿದಳು, ಅವಳ ಪಾಡಿಗೆ ಅವಳಿದ್ದಳು.

ಒಂದು ಸಲ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ ನಾನು ಮಾಮನನ್ನೇ ಕೇಳಿದೆ. "ಇವರ ಲೆಕ್ಕ ಹೇಳಿದಿರಿ. ನಿಮ್ಮದು? ಆ ಗಂಟೆ ಬರೀ ರೈಲ್ವೆದೇನಾ?"

ಅವರು ಟ್ಯಾಂಕಿನ ನೆರಳಿನಲ್ಲಿ ಕೂತು ಕಾಗೆಗೆ ಅನ್ನ ಹಾಕುತ್ತಿದ್ದರು. "ಆವತ್ತು ಶಾಲು ವಾಪಸ್ ಕೊಟ್ಟೆ ಖರೆ. ಆಮ್ಯಾಲೆ ಅದರ ಮ್ಯಾಲೆನೂ ಸಂಶಯ ಬಂತು. ದೇವರಿಗೆ ನನ್ನ ಕರೀಬೇಕು ಅಂದ್ರ ನಂಗ ಗೊತ್ತಿರೋ ಗಂಟಿನೇ ಬಾರಿಸಬೇಕಲ್ಲ? ಬ್ಯಾರೆ ಬಾರಿಸಿದ್ರ ನಂಗೆಲ್ಲಿ ತಿಳೀತದ?" ಕಾಗೆ ಹಾರಿತು. ಅವರು ಕೈ ಒರೆಸಿಕೊಂಡರು. "ಕೇಳಿಸಿದ ಕೂಡ್ಲೆ ನನ್ನ ಕೈ ತಾನ ಮ್ಯಾಲೆ ಹೋತು, ತಿರುಗಿ ಕೊಡೂಕ. ಕಣ್ಣು ಬಿಟ್ಟೆ. ನೋಡಿದ್ರ ಗೋಡಿ. ಗಂಟಿ ಒತ್ತೂ ಗುಂಡಿ ಇಲ್ಲ. ಕೊಡಲಿಲ್ಲ ತಂಗಿ. ಅದೊಂದು ಹಂಗ ಉಳಿದುಬಿಟ್ಟದ."

ಇಷ್ಟು ಬೇಸರದಿಂದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇನ್ನೊಬ್ಬರಿಗೆ ತೂಗಿ ಹೇಳುವ ತಕ್ಕಡಿಯಲ್ಲಿ ಅವರು ಮೊದಲು ತಮ್ಮನ್ನೇ ಇಟ್ಟುಕೊಂಡಿದ್ದರು, ಮತ್ತು ಪಾಸು ಮಾಡಿಕೊಂಡಿರಲಿಲ್ಲ.

ಕಳೆದ ತಿಂಗಳು ಅವರು ಹಾಸಿಗೆ ಹಿಡಿದರು. ಮಾಮನ ಮಗಳು ಸುಮಾ ರಜೆ ಹಾಕಿ ಬಂದು ಜೊತೆಗಿದ್ದಳು. ಮಾತು ನಿಂತಿತು, ಕಣ್ಣು ಮುಚ್ಚಿತು. ಬಲಗೈಯ ಬೆರಳು ಮಾತ್ರ ಕಬ್ಬಿಣದ ಮಂಚದ ಅಂಚಿಗೆ ಬಡಿಯುತ್ತಿತ್ತು. ಟಣ್ ಟಣ್. ಸ್ವಲ್ಪ ತಡೆದು ಮತ್ತೆ ಟಣ್ ಟಣ್. ನರದ ತೊಂದರೆ ಅಂದರು ಡಾಕ್ಟರು. ಸುಮಾ ಕೈ ಹಿಡಿದು ತಡೆದರೆ ಸುಮ್ಮನಾಗುತ್ತಿತ್ತು, ಬಿಟ್ಟರೆ ಮತ್ತೆ ಶುರು. ಎರಡು ದಿನದಿಂದ ಹೀಗೇ, ಒಂದು ಗಳಿಗೆ ಬಿಡುವಿಲ್ಲ ಅಂತ ಅವಳು ಅತ್ತಳು.

ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಒಂದು ಚಮಚವಾದರೂ ಒಳಗೆ ಹೋದೀತು ಅಂತ. ಇವರು ಆಗಲೇ ಮಂಚದ ಪಕ್ಕ ಕೂತಿದ್ದರು. ಕಿಟಕಿಯಿಂದ ಬಿಸಿಲು, ಸ್ಟೇಷನ್ನಿನ ಕಡೆಯಿಂದ ಹಾರ್ನ್. ಮಾಮನ ಬೆರಳು ಬಡಿಯಿತು. ಟಣ್ ಟಣ್. ನನಗೆ ಅದೇನೆಂದು ಗೊತ್ತಿತ್ತು. ಗೊತ್ತಿದ್ದೂ ಬಟ್ಟಲು ಹಿಡಿದು ಮರದ ಹಾಗೆ ನಿಂತಿದ್ದೆ. ನಾನು ಯಾರು ಅದಕ್ಕೆ ಉತ್ತರ ಕೊಡಲು ಅನ್ನಿಸಿತು.

ಇವರು ಎದ್ದರು. ನನ್ನ ಕೈಯಲ್ಲಿದ್ದ ಬಟ್ಟಲಿನಿಂದ ಚಮಚ ತೆಗೆದುಕೊಂಡರು. ಗಂಜಿ ತೊಟ್ಟಿಕ್ಕುತ್ತಿರುವ ಹಾಗೆಯೇ ಬಗ್ಗಿ ಮಂಚದ ಕಾಲಿಗೆ ಎರಡು ಸಲ ಬಡಿದರು. ಟಣ್ ಟಣ್.

ಮಾಮನ ಬೆರಳು ನಿಂತಿತು. ಕೈ ಬಿಚ್ಚಿಕೊಂಡು ಹಾಸಿಗೆ ಮೇಲೆ ಅಂಗಾತ ಬಿತ್ತು. ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಮತ್ತೆ ಅವರು ಬಡಿಯಲಿಲ್ಲ. ಹೊತ್ತು ಇಳಿಯುವ ಮೊದಲು, ಯಾರಿಗೂ ತಿಳಿಯದ ಹಾಗೆ ಹೊರಟುಹೋದರು. ಚಮಚ ಇನ್ನೂ ಇವರ ಕೈಯಲ್ಲೇ ಇತ್ತು.

ಮರುದಿನ ಅವರನ್ನು ಒಯ್ಯಲು ವ್ಯಾನು ಬಂದಾಗ ಇಡೀ ಬಿಲ್ಡಿಂಗು ಗೇಟಿನಲ್ಲಿ ನಿಂತಿತ್ತು. ಎರಡನೇ ಮಹಡಿಯ ಮಾಮಿ ಎಲ್ಲರಿಗಿಂತ ಜೋರಾಗಿ ಅತ್ತರು. ವ್ಯಾನು ತಿರುವಿನ ಹತ್ತಿರ ಹೋದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಇನ್ನು ಕೈ ಎತ್ತುವವರು ಯಾರು ಅಂತ. ನಾನೇ ಎತ್ತಿ ಇಳಿಸಿದೆ.

ಮೇಲೆ ಬಂದು ಎಲ್ಲರೂ ಸ್ನಾನ ಮಾಡಿದೆವು. ಬೆಳಗಿನಿಂದ ಯಾರೂ ಏನೂ ಬಾಯಿಗೆ ಹಾಕಿರಲಿಲ್ಲ, ಕಾಫಿಗಿಟ್ಟೆ. ಇವರು ಬಾಲ್ಕನಿಯಲ್ಲಿ ಕೂತಿದ್ದರು, ಕಣ್ಣು ಮುಚ್ಚಿದ್ದರೋ ತೆರೆದಿದ್ದರೋ ಒಳಗಿನಿಂದ ಕಾಣುತ್ತಿರಲಿಲ್ಲ. ಮಗಳು ಒದ್ದೆ ತಲೆ ಒರೆಸಿಕೊಳ್ಳುತ್ತಾ ಅಡಿಗೆಮನೆ ಬಾಗಿಲಿಗೆ ಬಂದು ಮೂರು ಲೋಟ ನೋಡಿದಳು. ಆಮೇಲೆ ಬಾಲ್ಕನಿಯ ಕಡೆ ತಿರುಗಿ, ಮೆಲ್ಲಗೆ, "ಅಪ್ಪಾ, ಕಾಪಿ" ಅಂದಳು.

ಕೆಳಗೆ ಗಾಡಿಯೊಂದು ಸ್ಟೇಷನ್ ಬಿಟ್ಟಿತು. ಅದರ ಸದ್ದು ಪೂರ್ತಿ ಹೋಗುವವರೆಗೂ ಏನೂ ಕೇಳಿಸಲಿಲ್ಲ.

"ಬಂದೆ" ಅಂದರು.

ಗೊಗ್ಗರು ದನಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಮಗಳು ನನ್ನ ಮುಖ ನೋಡಿದಳು. ನಾನು ಆಗಲೇ ಸಕ್ಕರೆ ಹಾಕಿದ್ದೆನೋ ಇಲ್ಲವೋ ನೆನಪಾಗದೆ ಮೂರೂ ಲೋಟಕ್ಕೆ ಇನ್ನೊಂದೊಂದು ಚಮಚ ಹಾಕಿದೆ.